ಅರ್ಧ ಒತ್ತಿದ ಬಟನ್ ಹಿಡಿದಿಡುವುದು ಏನನ್ನು?

ಮದುವೆ ಮನೆಯ ಒಂದು ಫೋಟೋದಿಂದ ಶುರು ಮಾಡೋಣ. ಇಂಥದ್ದನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಗಂಡು-ಹೆಣ್ಣು ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಭುಜದ ನಡುವೆ ಒಂದು ಗೇಣು ಜಾಗ. ಹಿಂದೆ ಸೇವಂತಿಗೆ ಮಾಲೆಯ ಅಲಂಕಾರ. ಫೋಟೋದಲ್ಲಿ ಸೇವಂತಿಗೆಯ ಎಸಳನ್ನು ಒಂದೊಂದಾಗಿ ಎಣಿಸಬಹುದು, ಅಷ್ಟು ಸ್ಪಷ್ಟ. ಗಂಡು-ಹೆಣ್ಣಿನ ಮುಖ ಮಾತ್ರ ಮಸುಕು. ಕ್ಯಾಮೆರಾ ಕೆಟ್ಟಿಲ್ಲ, ಲೆನ್ಸೂ ಕೆಟ್ಟಿಲ್ಲ. ಎಲ್ಲಿಗೆ ಫೋಕಸ್ ಮಾಡಬೇಕು ಅಂತ ಕ್ಯಾಮೆರಾಗೆ ತೋರಿಸುವ ಪುಟ್ಟ ಫೋಕಸ್ ಚೌಕ ಫ್ರೇಮಿನ ನಟ್ಟನಡುವೆ ಇತ್ತು. ಅಲ್ಲಿ ಇದ್ದದ್ದು ಹೂವು. ತನಗೆ ತೋರಿಸಿದ್ದನ್ನು ಕ್ಯಾಮೆರಾ ಸರಿಯಾಗಿಯೇ ಹಿಡಿದಿದೆ.

ಇದಕ್ಕೆ ಮದ್ದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಚೌಕವನ್ನು ಮೊದಲು ಹುಡುಗಿಯ ಮುಖದ ಮೇಲೆ ತನ್ನಿ. ಶಟರ್ ಬಟನ್ ಅರ್ಧ ಒತ್ತಿ. ಫೋಕಸ್ ಕೂತಿತು ಅಂತ ಕ್ಯಾಮೆರಾ ಸದ್ದು ಮಾಡಿದ ಮೇಲೆ, ಬೆರಳು ತೆಗೆಯದೆ, ಫ್ರೇಮನ್ನು ಮತ್ತೆ ಬೇಕಾದ ಹಾಗೆ ಹೊಂದಿಸಿಕೊಳ್ಳಿ. ಆಮೇಲೆ ಪೂರ್ತಿ ಒತ್ತಿ. ಫೋಕಸ್ ಲಾಕ್ ಮಾಡಿ ಫ್ರೇಮ್ ಬದಲಿಸುವುದು ಅಂದರೆ ಇಷ್ಟೇ. ಐದು ನಿಮಿಷದಲ್ಲಿ ಕಲಿಸಬಹುದಾದ ವಿಷಯ.

ಆದರೆ ಇದನ್ನು ಕಲಿತವರೇ ಒಂದು ತಿಂಗಳಾದ ಮೇಲೆ ಬಂದು, "ಸರ್, ಲಾಕ್ ಮಾಡಿಯೇ ತೆಗೆದೆ, ಆದರೂ ಕಣ್ಣು ಶಾರ್ಪ್ ಬಂದಿಲ್ಲ" ಅನ್ನುತ್ತಾರೆ. ಅವರು ಹೇಳುವುದು ನಿಜ. ಅವರ ಬೆರಳು ತಪ್ಪು ಮಾಡಿಲ್ಲ. ಅರ್ಧ ಒತ್ತಿದಾಗ ಕ್ಯಾಮೆರಾದೊಳಗೆ ಏನು ನಿಂತುಹೋಯಿತು ಅನ್ನುವುದನ್ನು ಯಾರೂ ಅವರಿಗೆ ಬಿಡಿಸಿ ಹೇಳಿಲ್ಲ. ಇವತ್ತು ಅದನ್ನೇ ಮಾತಾಡೋಣ.

ಮೊದಲು ಬೆರಳಿನ ಬಗ್ಗೆ. ಕ್ಯಾಮೆರಾ ತಂದಿರುವವರು ಈಗಲೇ ಕೈಗೆ ತಗೊಳ್ಳಿ. ಶಟರ್ ಬಟನ್ ಮೇಲೆ ತೋರುಬೆರಳಿನ ತುದಿ ಬೇಡ, ಮೊದಲ ಗೆಣ್ಣಿನ ಮೆತ್ತನೆಯ ಭಾಗ ಇಡಿ. ನಿಧಾನವಾಗಿ ಒತ್ತಿ. ಸ್ವಲ್ಪ ದೂರ ಸಲೀಸಾಗಿ ಇಳಿಯುತ್ತದೆ, ಆಮೇಲೆ ಒಂದು ಸಣ್ಣ ತಡೆ ಸಿಗುತ್ತದೆ. ಆ ತಡೆಯೇ ಅರ್ಧ. ಅಲ್ಲೇ ನಿಲ್ಲಿಸಿ. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ, ಅಂದರೆ ವ್ಯೂಫೈಂಡರಿನಲ್ಲಿ, ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಆದರೆ ಒಂದು ಚುಕ್ಕೆ ಸ್ಥಿರವಾಗಿ ಉರಿಯುತ್ತದೆ, ಮಿರರ್‌ಲೆಸ್ (ಕನ್ನಡಿ ಇಲ್ಲದ್ದು) ಆದರೆ ಚೌಕ ಹಸಿರಾಗುತ್ತದೆ. ಈಗ ಆ ತಡೆಯ ಮೇಲೆ ಬೆರಳನ್ನು ಹಾಗೇ ಇಟ್ಟು, ಕ್ಯಾಮೆರಾವನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ. ಲೆನ್ಸಿನ ಮೋಟಾರು ಸದ್ದು ಮಾಡಬಾರದು. ಮಾಡಿದರೆ ನಿಮ್ಮ ಲಾಕ್ ನಿಂತಿಲ್ಲ ಅಂತ ಅರ್ಥ. ಅದು ಯಾಕೆ ಅಂತ ಮುಂದೆ ಬರುತ್ತೇನೆ.

ಈಗ ಮುಖ್ಯ ಮಾತು. ನೀವು ಹುಡುಗಿಯ ಕಣ್ಣಿನ ಮೇಲೆ ಚೌಕ ಇಟ್ಟು ಲಾಕ್ ಮಾಡಿದಿರಿ. ಲಾಕ್ ಆಗಿದ್ದು ಆ ಕಣ್ಣಲ್ಲ, ಒಂದು ದೂರ. ಲೆನ್ಸಿನೊಳಗಿನ ಗಾಜುಗಳು ಒಂದೂವರೆ ಮೀಟರ್ ದೂರಕ್ಕೆ ಹೊಂದಿಕೊಂಡು ನಿಂತಿವೆ, ಅಷ್ಟೇ. ಅಲ್ಲಿ ಕಣ್ಣಿತ್ತೋ ಕಂಬವಿತ್ತೋ ಆ ಗಾಜುಗಳಿಗೆ ಗೊತ್ತಿಲ್ಲ. ಆ ಮೇಲೆ ಹುಡುಗಿ ಮುಂದೆ ಬಾಗಿದರೆ, ನೀವು ಹಿಂದೆ ವಾಲಿದರೆ, ಕ್ಯಾಮೆರಾ ಓರೆಯಾದರೆ, ಅದು ಯಾವುದೂ ಲೆನ್ಸಿಗೆ ತಿಳಿಯುವುದಿಲ್ಲ. ಇವತ್ತು ನಾನು ಹೇಳುವ ಎಲ್ಲವೂ ಇದೊಂದರಿಂದಲೇ ಹುಟ್ಟುವ ಮಾತು.

ಈ ಪದ್ಧತಿ ಬಂದದ್ದಾದರೂ ಯಾಕೆ? ತಾವೇ ಫೋಕಸ್ ಮಾಡುವ ಆಟೋಫೋಕಸ್ ಎಸ್‌ಎಲ್‌ಆರ್‌ಗಳನ್ನು (ಡಿಎಸ್‌ಎಲ್‌ಆರ್‌ಗಳ ಫಿಲ್ಮ್ ಕಾಲದ ರೂಪ) ಜನ ನಿಜವಾಗಿ ಬಳಸತೊಡಗಿದ್ದು 1985ರಲ್ಲಿ ಮಿನೋಲ್ಟಾ 7000 ಬಂದ ಮೇಲೆ. ಅದರಲ್ಲಿದ್ದದ್ದು ಒಂದೇ ಫೋಕಸ್ ಚೌಕ, ಅದೂ ನಟ್ಟನಡುವೆ. ಮನುಷ್ಯ ಫ್ರೇಮಿನ ಬದಿಯಲ್ಲಿ ಬೇಕಾದರೆ ಲಾಕ್ ಮಾಡಿ ತಿರುಗಿಸದೆ ಬೇರೆ ದಾರಿಯೇ ಇರಲಿಲ್ಲ. ಆಮೇಲೆ ಚೌಕಗಳು ಜಾಸ್ತಿ ಆದವು. ಆದರೂ ಡಿಎಸ್‌ಎಲ್‌ಆರ್‌ಗಳಲ್ಲಿ ಅವು ನಡುವೆಯೇ ಗುಂಪುಗೂಡಿ ಉಳಿದವು. ಅದಕ್ಕೆ ಕಾರಣ ಇದೆ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಫೋಟೋ ತೆಗೆಯುವ ಸೆನ್ಸರ್ ಬೇರೆ. ದೊಡ್ಡ ಕನ್ನಡಿಯ ಹಿಂದೆ ಒಂದು ಪುಟ್ಟ ಕನ್ನಡಿ ಇರುತ್ತದೆ. ಅದು ಸ್ವಲ್ಪ ಬೆಳಕನ್ನು ಕ್ಯಾಮೆರಾದ ತಳದಲ್ಲಿರುವ ಫೋಕಸ್ ಸೆನ್ಸರ್‌ಗೆ ಕಳಿಸುತ್ತದೆ. ಆ ಪುಟ್ಟ ಕನ್ನಡಿಗೆ ಫ್ರೇಮಿನ ಅಂಚುಗಳ ಬೆಳಕು ಸಿಗುವುದೇ ಇಲ್ಲ. ಹಾಗಾಗಿ ಮೂಲೆಯಲ್ಲಿ ಚೌಕ ಕೂರಿಸುವುದು ಸಾಧ್ಯವಿರಲಿಲ್ಲ.

ನಮ್ಮಲ್ಲಿ ತುಂಬ ಜನರ ಕೈಯಲ್ಲಿರುವ ಕ್ಯಾನನ್ 1300ಡಿ, 1500ಡಿ ತಗೊಳ್ಳಿ. ಅವುಗಳಲ್ಲಿ ಒಂಬತ್ತು ಚೌಕ. ನಿಕಾನ್ ಡಿ3500ನಲ್ಲಿ ಹನ್ನೊಂದು. ಈ ಎಲ್ಲದರಲ್ಲೂ ನಡುವಿನ ಒಂದು ಮಾತ್ರ ಕ್ರಾಸ್ ಟೈಪ್. ಅಂದರೆ ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಗುರುತಿಸುವಂಥದ್ದು. ಸುತ್ತ ಇರುವವು ಯಾವುದಾದರೂ ಒಂದು ದಿಕ್ಕಿನ ಗೆರೆಯನ್ನಷ್ಟೇ ನೋಡುತ್ತವೆ. ಸಂಜೆ ಬೆಳಕಿನಲ್ಲಿ ಬದಿಯ ಚೌಕಗಳು ತಡಕಾಡುತ್ತವೆ, ನಡುವಿನದು ಟಕ್ ಅಂತ ಹಿಡಿಯುತ್ತದೆ. ಹಾಗಾಗಿ ಇಂಥ ಕ್ಯಾಮೆರಾ ಇರುವವರಿಗೆ ಲಾಕ್ ಮಾಡಿ ತಿರುಗಿಸುವುದು ಇವತ್ತಿಗೂ ದಿನನಿತ್ಯದ ಕೆಲಸ. ಇದು ಹಳೇ ಕಾಲದ್ದು, ಈಗ ಬೇಡ ಅನ್ನುವವರ ಮಾತು ಕೇಳಿ ಬೇಸರ ಮಾಡಿಕೊಳ್ಳಬೇಡಿ.

ಇಲ್ಲೊಂದು ಮಾತು ಸೇರಿಸಬೇಕು. ವಿಷಯದಿಂದ ಸ್ವಲ್ಪ ಆಚೆ ಹೋದರೂ ಪರವಾಗಿಲ್ಲ. ಶುರುವಿನಲ್ಲಿ ಎಲ್ಲರ ಆಲ್ಬಮ್‌ನಲ್ಲೂ ಮನುಷ್ಯರು ಫ್ರೇಮಿನ ಮಧ್ಯದಲ್ಲೇ ನಿಂತಿರುತ್ತಾರೆ, ತಲೆಯ ಮೇಲೆ ಅರ್ಧ ಫ್ರೇಮಿನಷ್ಟು ಖಾಲಿ ಗೋಡೆ. ಅದು ಅವರ ಅಭಿರುಚಿ ಅಂತ ನನಗೆ ಅನಿಸುವುದಿಲ್ಲ. ಚೌಕ ನಡುವೆ ಇತ್ತು, ಅದನ್ನು ಮುಖದ ಮೇಲೆ ಇಟ್ಟರು, ಅಲ್ಲೇ ಕ್ಲಿಕ್ ಮಾಡಿದರು. ಫ್ರೇಮು ಹೇಗಿರಬೇಕು ಅನ್ನುವುದನ್ನು ಚೌಕ ತೀರ್ಮಾನಿಸಿಬಿಟ್ಟಿತು. ಲಾಕ್ ಕಲಿತ ದಿನ ಆ ತೀರ್ಮಾನ ನಿಮ್ಮ ಕೈಗೆ ಬರುತ್ತದೆ. ನೇಗಿಲು ಹಿಡಿದ ರೈತನನ್ನು ಎಡಮೂಲೆಗೆ ಸರಿಸಿ, ಅವನ ಮುಂದೆ ಹರಡಿದ ಹೊಲವನ್ನು ಬಿಟ್ಟುಕೊಡಬಹುದು. ಅದಕ್ಕೇ ನಾನು ಈ ಸಣ್ಣ ವಿಷಯದ ಮೇಲೆ ಇಷ್ಟು ಹೊತ್ತು ಮಾತಾಡುತ್ತಿರುವುದು.

ಸರಿ, ಲಾಕ್ ನಿಲ್ಲದೇ ಇರುವುದು ಯಾಕೆ? ಕಾರಣ ಹೆಚ್ಚಿನ ಸಲ ಫೋಕಸ್ ಮೋಡ್. ನಿಕಾನ್, ಸೋನಿಯಲ್ಲಿ ಎಎಫ್-ಎಸ್, ಕ್ಯಾನನ್‌ನಲ್ಲಿ ಒನ್ ಶಾಟ್: ಇದರಲ್ಲಿ ಮಾತ್ರ ಅರ್ಧ ಒತ್ತಿದಾಗ ಫೋಕಸ್ ನಿಲ್ಲುತ್ತದೆ. ಎಎಫ್-ಸಿ ಅಥವಾ ಕ್ಯಾನನ್‌ನ ಸರ್ವೋದಲ್ಲಿ ಅರ್ಧ ಒತ್ತಿದಷ್ಟು ಹೊತ್ತೂ ಕ್ಯಾಮೆರಾ ಫೋಕಸ್ ಮಾಡುತ್ತಲೇ ಇರುತ್ತದೆ. ಚೌಕವನ್ನು ಮುಖದಿಂದ ಪಕ್ಕಕ್ಕೆ ಸರಿಸಿದಿರೋ, ಅದು ಹಿಂದಿನ ಗೋಡೆಯನ್ನು ಹಿಡಿಯುತ್ತದೆ. ಇವೆರಡು ಸುಲಭವಾಗಿ ಅರ್ಥವಾಗುತ್ತವೆ. ತಲೆನೋವು ಮೂರನೆಯದು. ನಿಕಾನ್‌ನಲ್ಲಿ ಎಎಫ್-ಎ, ಕ್ಯಾನನ್‌ನಲ್ಲಿ ಎಐ ಫೋಕಸ್. ಇದರಲ್ಲಿ ಕ್ಯಾಮೆರಾ ತಾನೇ ಯೋಚಿಸಿ ಮೋಡ್ ಬದಲಿಸುತ್ತದೆ. ನೀವು ಲಾಕ್ ಮಾಡಿ ಕ್ಯಾಮೆರಾ ತಿರುಗಿಸಿದಾಗ, ಎದುರಿದ್ದದ್ದು ಓಡಿತು ಅಂತ ಅದು ತಿಳಿದುಕೊಂಡು ಫೋಕಸ್ ಬದಲಿಸಿಬಿಡಬಹುದು. ಕೆಲವು ಸಲ ಸರಿ ಬರುತ್ತದೆ, ಕೆಲವು ಸಲ ಇಲ್ಲ. ಯಾಕೆ ಅಂತ ಗೊತ್ತಾಗುವುದೂ ಇಲ್ಲ. ನಿಕಾನ್‌ನ ಸಣ್ಣ ಡಿಎಸ್‌ಎಲ್‌ಆರ್‌ಗಳು ಪೆಟ್ಟಿಗೆಯಿಂದ ಹೊರಬರುವಾಗ ಈ ಎಎಫ್-ಎ ಮೋಡ್‌ನಲ್ಲೇ ಇರುತ್ತವೆ. ಮನೆಗೆ ಹೋದ ತಕ್ಷಣ ಇದನ್ನೊಂದು ಬದಲಿಸಿ.

ಜೊತೆಗೆ ಚೌಕ ಯಾವುದು ಅನ್ನುವುದನ್ನೂ ನೀವೇ ಆರಿಸಿ. ಆಟೋ ಏರಿಯಾದಲ್ಲಿ ಬಿಟ್ಟರೆ ಕ್ಯಾಮೆರಾ ಸಾಮಾನ್ಯವಾಗಿ ತನಗೆ ಹತ್ತಿರ ಇರುವುದಕ್ಕೆ ಹೋಗುತ್ತದೆ. ನೀವು ಅಜ್ಜಿಯ ಮುಖ ನೋಡುತ್ತಿದ್ದರೆ ಅದು ಅಜ್ಜಿಯ ಮುಂದಿರುವ ಕಾಫಿ ಲೋಟಕ್ಕೆ ಫೋಕಸ್ ಮಾಡಿರುತ್ತದೆ.

ಇನ್ನು ಬೆಳಕಿನ ಲಾಕ್. ಫೋಕಸ್ ಜೊತೆ ಎಕ್ಸ್‌ಪೋಷರೂ, ಅಂದರೆ ಫೋಟೋಗೆ ಎಷ್ಟು ಬೆಳಕು ಬೇಕು ಅನ್ನುವ ಲೆಕ್ಕವೂ, ನಿಲ್ಲುತ್ತದಾ ಅಂತ ಎಲ್ಲ ಕಡೆ ಕೇಳುತ್ತಾರೆ. ಉತ್ತರ ಕಂಪನಿಯಿಂದ ಕಂಪನಿಗೆ ಬೇರೆ. ಕ್ಯಾನನ್‌ನಲ್ಲಿ ಒನ್ ಶಾಟ್ ಮೋಡ್, ಇವ್ಯಾಲ್ಯುಯೇಟಿವ್ ಮೀಟರಿಂಗ್ (ಇಡೀ ಫ್ರೇಮಿನ ಬೆಳಕು ನೋಡಿ ಲೆಕ್ಕ ಹಾಕುವ ಕ್ರಮ) ಇದ್ದರೆ ಅರ್ಧ ಒತ್ತಿದಾಗ ಫೋಕಸ್, ಬೆಳಕು ಎರಡೂ ಒಟ್ಟಿಗೆ ನಿಲ್ಲುತ್ತವೆ. ನಿಕಾನ್‌ನಲ್ಲಿ ನೀವು ಮೆನುವಿನಲ್ಲಿ ಬದಲಿಸದ ಹೊರತು ಫೋಕಸ್ ಮಾತ್ರ ನಿಲ್ಲುತ್ತದೆ, ಬೆಳಕಿನ ಲೆಕ್ಕ ಬದಲಾಗುತ್ತಲೇ ಇರುತ್ತದೆ. ಎರಡರಲ್ಲಿ ಯಾವುದು ಒಳ್ಳೆಯದು ಅಂತ ವಾದ ಬೇಡ. ನಿಮ್ಮದು ಯಾವುದು ಅಂತ ತಿಳಿದಿರಲಿ.

ಬೇಲೂರಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಚೆನ್ನಕೇಶವ ದೇವಸ್ಥಾನದ ಮದನಿಕೆಯರು ಸೂರಿನ ಕೆಳಗೆ ನೆರಳಿನಲ್ಲಿದ್ದಾರೆ. ನೀವು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಸೂರಿನ ಆಚೆ ಬಿಳಿ ಆಕಾಶ. ಚೌಕವನ್ನು ಮದನಿಕೆಯ ಮುಖದ ಮೇಲಿಟ್ಟು ಲಾಕ್ ಮಾಡಿದಿರಿ, ಮದನಿಕೆ ಒಂದು ಬದಿಗೆ ಬರುವಂತೆ ಕ್ಯಾಮೆರಾ ತಿರುಗಿಸಿದಿರಿ. ಈಗ ಫ್ರೇಮಿನೊಳಗೆ ಆಕಾಶ ನುಗ್ಗಿತು. ಬೆಳಕು ಲಾಕ್ ಆಗಿರದಿದ್ದರೆ ಕ್ಯಾಮೆರಾ ಆಕಾಶಕ್ಕೆ ಹೆದರಿ ಎಲ್ಲವನ್ನೂ ಕತ್ತಲು ಮಾಡುತ್ತದೆ. ಫೋಕಸ್ ಸರಿಯಾಗಿ ಕೂತಿದ್ದರೂ ಶಿಲ್ಪ ಬರೀ ಕಪ್ಪು ನೆರಳಾಗುತ್ತದೆ. ಮೊದಲು ಶಿಲ್ಪ ಫ್ರೇಮ್ ತುಂಬುವ ಹಾಗೆ ಜೂಮ್ ಮಾಡಿ ಬೆಳಕು ಅಳೆಯಿರಿ, ಹೆಬ್ಬೆರಳಿನಿಂದ ಎಇ-ಎಲ್ ಬಟನ್, ಕ್ಯಾನನ್ ಆದರೆ ನಕ್ಷತ್ರದ ಗುರುತಿನ ಬಟನ್ ಒತ್ತಿ ಬೆಳಕನ್ನು ನಿಲ್ಲಿಸಿ. ಆಮೇಲೆ ಫ್ರೇಮ್ ಸರಿಮಾಡಿಕೊಂಡು ಫೋಕಸ್. ನಿಕಾನ್‌ನಲ್ಲಿ ಆ ಬಟನ್ ಫೋಕಸನ್ನೂ ಸೇರಿಸಿ ಹಿಡಿಯುವಂತೆ ಇರುತ್ತದೆ, ಮೆನುವಿನಲ್ಲಿ ಬೆಳಕಿಗೆ ಮಾತ್ರ ಅಂತ ಬದಲಿಸಿಕೊಳ್ಳಿ. ಇಷ್ಟೆಲ್ಲ ರಗಳೆ ಬೇಡ ಅನ್ನುವವರು ಬೆಳಕನ್ನು ನಾವೇ ಹೊಂದಿಸುವ ಮ್ಯಾನ್ಯುಅಲ್ ಎಕ್ಸ್‌ಪೋಷರಿಗೆ ಹೋಗಿ. ಶಿಲ್ಪ ಎಲ್ಲೂ ಓಡಿಹೋಗುವುದಿಲ್ಲ, ಬೆಳಕೂ ನಿಮಿಷಕ್ಕೊಮ್ಮೆ ಬದಲಾಗುವುದಿಲ್ಲ.

ಈಗ ಕಷ್ಟದ ಭಾಗ. ಮೋಡ್ ಸರಿ ಇದೆ, ಲಾಕ್ ನಿಂತಿದೆ, ಹುಡುಗಿ ಅಲುಗಾಡಿಲ್ಲ, ನೀವೂ ಅಲುಗಾಡಿಲ್ಲ. ಆದರೂ ಕಣ್ಣು ಮಸುಕು. ಇದು ಯಾಕೆ?

ಫೋಕಸ್ ಅನ್ನುವುದು ಒಂದು ಚುಕ್ಕೆಯಲ್ಲ. ಲೆನ್ಸಿನ ಮುಂದೆ, ಸೆನ್ಸರ್‌ಗೆ ಸಮಾನಾಂತರವಾಗಿ ನಿಂತ ಒಂದು ಸಮತಲ. ಉದ್ದನೆಯ ಕೋಲಿನ ತುದಿಗೆ ಒಂದು ದೊಡ್ಡ ರಟ್ಟನ್ನು ಅಡ್ಡಲಾಗಿ ಹೊಡೆದು, ಕೋಲಿನ ಇನ್ನೊಂದು ತುದಿಯನ್ನು ಕ್ಯಾಮೆರಾಗೆ ಕಟ್ಟಿದ ಹಾಗೆ ಅಂದುಕೊಳ್ಳಿ. ಕೋಲಿನ ಉದ್ದವೇ ನೀವು ಲಾಕ್ ಮಾಡಿದ ದೂರ. ರಟ್ಟಿನ ಮೇಲೆ ಬರುವುದೆಲ್ಲ ಶಾರ್ಪ್. ರಟ್ಟಿನ ನಡುಭಾಗ ಕಣ್ಣಿಗೆ ತಾಗುವಂತೆ ಹಿಡಿದಿದ್ದೀರಿ. ಈಗ ಕ್ಯಾಮೆರಾವನ್ನು ಕೆಳಕ್ಕೆ ಬಾಗಿಸಿ. ಕೋಲು ಬಾಗುತ್ತದೆ, ಅದರ ಜೊತೆ ರಟ್ಟೂ ತಿರುಗುತ್ತದೆ. ರಟ್ಟಿನ ಮೇಲಿನ ಅಂಚು ಕಣ್ಣನ್ನು ಬಿಟ್ಟು ಹಿಂದಕ್ಕೆ ಹೋಗುತ್ತದೆ. ಯಾವ ದಿಕ್ಕಿಗೆ ತಿರುಗಿಸಿದರೂ ಫೋಕಸ್ ಹೋಗುವುದು ಕಣ್ಣಿನ ಹಿಂದಕ್ಕೇ, ಮುಂದಕ್ಕಲ್ಲ. ಕಣ್ಣು ಮಸುಕಾಗಿ ಕಿವಿಯ ಓಲೆ ಫಳಫಳ ಅಂತ ಶಾರ್ಪ್ ಬಂದ ಫೋಟೋಗಳಲ್ಲಿ ಎಷ್ಟೋ ಹೀಗೇ ಆದವು.

ಎಷ್ಟು ಹಿಂದಕ್ಕೆ? ಲೆಕ್ಕ ಮಾಡೋಣ, ಹೈಸ್ಕೂಲಿನ ತ್ರಿಕೋನಮಿತಿ ಸಾಕು. ಫುಲ್ ಫ್ರೇಮ್ ಕ್ಯಾಮೆರಾ (ಸೆನ್ಸರ್ ಹಳೇ ಫಿಲ್ಮಿನಷ್ಟೇ ದೊಡ್ಡದಿರುವಂಥದ್ದು), 50 ಮಿ.ಮೀ. ಲೆನ್ಸ್, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದಿದ್ದೀರಿ, ಎದುರಿನವರು 1.5 ಮೀಟರ್ ದೂರದಲ್ಲಿ. ನಡುವಿನ ಚೌಕದಿಂದ ಕಣ್ಣಿಗೆ ಲಾಕ್ ಮಾಡಿ, ಕಣ್ಣು ಫ್ರೇಮಿನ ಮೇಲಂಚಿನ ಹತ್ತಿರ ಬರುವವರೆಗೆ ಕ್ಯಾಮೆರಾ ಬಾಗಿಸಿದಿರಿ. ಸುಮಾರು 17 ಡಿಗ್ರಿ ತಿರುಗುತ್ತದೆ. 17 ಡಿಗ್ರಿಯ ಕೊಸೈನ್ ಸುಮಾರು 0.96. ಅಂದರೆ ಕ್ಯಾಮೆರಾದ ಹೊಸ ದಿಕ್ಕಿನಲ್ಲಿ ಅಳೆದರೆ ಕಣ್ಣು 1.44 ಮೀಟರ್ ದೂರದಲ್ಲಿದೆ, ಫೋಕಸ್ 1.5ರಲ್ಲೇ ಕೂತಿದೆ. ಆರು ಸೆಂಟಿಮೀಟರ್ ತಪ್ಪಿತು. ಎಫ್ ಅಂದರೆ ಲೆನ್ಸಿನ ಕಿಂಡಿ, ಅಪರ್ಚರ್, ಎಷ್ಟು ತೆರೆದಿದೆ ಅನ್ನುವ ಅಂಕಿ; ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು, ಶಾರ್ಪ್ ಇರುವ ಭಾಗ ತೆಳು. ಎಫ್ 1.4ರಲ್ಲಿ ತೆಗೆಯುತ್ತಿದ್ದರೆ ಫೋಕಸ್ ಮುಂದೆ ಸುಮಾರು 4 ಸೆಂಟಿಮೀಟರ್ ಮಾತ್ರ ಶಾರ್ಪ್ ಇರುತ್ತದೆ. ಕಣ್ಣು ಹೊರಗೆ ಬಿತ್ತು.

ಅದೇ ಫೋಟೋವನ್ನು ಎಫ್ 4ರಲ್ಲಿ ತೆಗೆಯಿರಿ. ಮುಂದೆ ಸುಮಾರು 10 ಸೆಂಟಿಮೀಟರ್ ಸಿಗುತ್ತದೆ, ಕಣ್ಣು ಒಳಗೆ ಬಂತು. ಎಫ್ 8ರಲ್ಲಿ ಸುಮಾರು ಹದಿನೆಂಟು. ಈ ತಪ್ಪು ಇದೆ ಅಂತಲೇ ನಿಮಗೆ ಗೊತ್ತಾಗುವುದಿಲ್ಲ. ಕ್ಯಾಮೆರಾದ ಜೊತೆ ಬಂದ ಕಿಟ್ ಲೆನ್ಸ್ ಬಳಸುವಾಗ ಸರಿಯಾಗಿ ಬರುತ್ತಿದ್ದ ಫೋಟೋಗಳು, ಆಸೆಪಟ್ಟು ಕೊಂಡ ಎಫ್ 1.8 ಲೆನ್ಸಿನಲ್ಲಿ ಯಾಕೆ ಕೈಕೊಡುತ್ತವೆ ಅನ್ನುವುದಕ್ಕೆ ಇದೂ ಒಂದು ಕಾರಣ. ಹೊಸ ಲೆನ್ಸ್ ಸರಿಯಿಲ್ಲ ಅಂತ ಅಂಗಡಿಗೆ ವಾಪಸ್ ಒಯ್ಯುವ ಮುಂಚೆ ಒಂದು ಸಲ ಇದನ್ನು ನೋಡಿಕೊಳ್ಳಿ.

ಸ್ವಲ್ಪ ತಿರುಗಿಸಿದರೆ ಏನೂ ಆಗುವುದಿಲ್ಲ ಅನ್ನುವುದೂ ಇದೇ ಲೆಕ್ಕದಲ್ಲಿದೆ. ಕ್ಯಾಮೆರಾ ಅಡ್ಡ ಹಿಡಿದು, ಮುಖವನ್ನು ನಡುವಿನಿಂದ ಫ್ರೇಮನ್ನು ಮೂರು ಸಮಭಾಗ ಮಾಡುವ ಗೆರೆಗೆ ಸರಿಸಿದರೆ ತಿರುಗುವುದು 7 ಡಿಗ್ರಿಯಷ್ಟೇ. ಅದೇ ಒಂದೂವರೆ ಮೀಟರಿಗೆ ತಪ್ಪು ಒಂದು ಸೆಂಟಿಮೀಟರ್. ಎಫ್ 1.4ರಲ್ಲೂ ನಡೆಯುತ್ತದೆ. ಕೋನ ಎರಡರಷ್ಟಾದರೆ ತಪ್ಪು ಸುಮಾರು ನಾಲ್ಕರಷ್ಟಾಗುತ್ತದೆ. ಹಾಗಾಗಿ ನಡುವಿನ ಚೌಕದ ಬದಲು, ಕಣ್ಣು ಬರಬೇಕಾದ ಜಾಗಕ್ಕೆ ಹತ್ತಿರವಿರುವ ಚೌಕ ಆರಿಸಿಕೊಂಡು, ಉಳಿದ ಸ್ವಲ್ಪವನ್ನು ಮಾತ್ರ ತಿರುಗಿಸಿ. ವೈಡ್ ಲೆನ್ಸ್ ಹಾಕಿ ಹತ್ತಿರ ಹೋದಾಗ ಇನ್ನೂ ಎಚ್ಚರ ಬೇಕು. ಅಲ್ಲಿ ಕೋನ ದೊಡ್ಡದು. ದೂರದ ಬೆಟ್ಟ, ಊರಿನ ಬೀದಿ ಅಂದರೆ ಚಿಂತೆ ಬೇಡ.

ಇದಕ್ಕಿಂತ ಒಳ್ಳೆಯ ಉಪಾಯ ಒಂದಿದೆ, ಅದು ನಿಮ್ಮ ಮೊಣಕಾಲಿನಲ್ಲಿದೆ. ಕ್ಯಾಮೆರಾವನ್ನು ಬಾಗಿಸಬೇಡಿ, ಇಳಿಸಿ. ಕಣ್ಣಿಗೆ ಲಾಕ್ ಮಾಡಿ, ಲೆನ್ಸ್ ನೇರವಾಗಿಯೇ ಇರಲಿ, ಮಂಡಿ ಬಗ್ಗಿಸಿ ಕ್ಯಾಮೆರಾ ಎದೆಯ ಮಟ್ಟಕ್ಕೆ ಬರುವವರೆಗೆ ಕೆಳಗಿಳಿಯಿರಿ. ರಟ್ಟು ತಿರುಗಲಿಲ್ಲ, ಇದ್ದ ಜಾಗದಲ್ಲೇ ಕೆಳಕ್ಕೆ ಜಾರಿತು. ಕಣ್ಣು ಇನ್ನೂ ಅದರ ಮೇಲೇ ಇದೆ. ಮೇಲೆ ಹೇಳಿದ ಫೋಟೋಗೆ ಸುಮಾರು 45 ಸೆಂಟಿಮೀಟರ್ ಇಳಿದರೆ ಸಾಕು. ಪಕ್ಕಕ್ಕೆ ಸರಿಸುವುದಾದರೆ ಒಂದು ಹೆಜ್ಜೆ ಪಕ್ಕಕ್ಕೆ ಇಡಿ, ಸೊಂಟ ತಿರುಗಿಸಬೇಡಿ. ನೋಟದ ಕೋನ ಸ್ವಲ್ಪ ಬದಲಾಗುತ್ತದೆ ನಿಜ. ನಿಂತವರನ್ನು ಎದೆಯ ಮಟ್ಟದಿಂದ ತೆಗೆದರೆ ಮೈಕಟ್ಟು ಇನ್ನೂ ಚೆನ್ನಾಗಿಯೇ ಕಾಣುತ್ತದೆ, ಅದು ನನಗಂತೂ ಇಷ್ಟ.

ಈ ಕೊಸೈನ್ ಲೆಕ್ಕ ಸುಮ್ನೆ ಪುಸ್ತಕದ ಮಾತು ಅಂತ ಅನಿಸಿದರೆ ಕೇಳಿ. ಹ್ಯಾಸೆಲ್‌ಬ್ಲಾಡ್ ಕಂಪನಿ 2009ರಲ್ಲಿ ಎಚ್4ಡಿ ಕ್ಯಾಮೆರಾಗೆ ಟ್ರೂ ಫೋಕಸ್ ಅನ್ನುವ ವ್ಯವಸ್ಥೆ ಹಾಕಿತು. ಆ ಕ್ಯಾಮೆರಾಗೆ ಇದ್ದದ್ದು ನಡುವಿನ ಒಂದೇ ಫೋಕಸ್ ಚೌಕ, ಸೆನ್ಸರ್ ತುಂಬ ದೊಡ್ಡದು, ಶಾರ್ಪ್ ಇರುವ ಭಾಗ ತುಂಬ ತೆಳು. ನೀವು ಲಾಕ್ ಮಾಡಿದ ಮೇಲೆ ಕ್ಯಾಮೆರಾ ಎಷ್ಟು ತಿರುಗಿತು ಅನ್ನುವುದನ್ನು ಒಳಗಿನ ಸೆನ್ಸರ್‌ಗಳು ಅಳೆದು, ಈಗ ನಾವು ಮಾಡಿದ ಲೆಕ್ಕವನ್ನೇ ಮಾಡಿ, ಫೋಕಸನ್ನು ಅಷ್ಟು ಮುಂದಕ್ಕೆ ಎಳೆಯುತ್ತವೆ. ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ ತಯಾರಿಸುವವರು ಅದಕ್ಕಾಗಿ ಯಂತ್ರ ಕೂರಿಸಿದ್ದಾರೆ ಅಂದರೆ ತಪ್ಪು ನಿಜವಾದದ್ದೇ, ಅಲ್ವಾ?

ಮನೆಯಲ್ಲಿ ನೀವೇ ಪರೀಕ್ಷೆ ಮಾಡಿ. ಗೋಡೆಗೆ ಒಂದು ದಿನಪತ್ರಿಕೆ ಅಂಟಿಸಿ. ಟ್ರೈಪಾಡ್ ಮೇಲೆ ಕ್ಯಾಮೆರಾ, ಅಪರ್ಚರ್ ಪೂರ್ತಿ ತೆರೆದಿರಲಿ. ಒಂದು ಶೀರ್ಷಿಕೆಗೆ ನಡುವಿನ ಚೌಕದಿಂದ ಲಾಕ್ ಮಾಡಿ, ಅದು ಫ್ರೇಮಿನ ಅಂಚಿಗೆ ಬರುವಂತೆ ತಿರುಗಿಸಿ ಒಂದು ಫೋಟೋ. ಆಮೇಲೆ ಕ್ಯಾಮೆರಾ ಹಾಗೇ ಇರಲಿ, ಹಿಂದಿನ ಪರದೆಯಲ್ಲಿ ನೋಡುತ್ತಾ ತೆಗೆಯುವ ಲೈವ್ ವ್ಯೂನಲ್ಲಿ ಚೌಕವನ್ನೇ ಆ ಶೀರ್ಷಿಕೆಯ ಮೇಲೆ ಒಯ್ದು ಇನ್ನೊಂದು. ಎರಡನ್ನೂ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಅಕ್ಷರ ನೋಡಿ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಅದನ್ನು ನಂಬಬೇಡಿ.

ಎಲ್ಲಿಗೆ ಲಾಕ್ ಮಾಡಬೇಕು ಅನ್ನುವುದೂ ಒಂದು ಕಲೆ. ಫೋಕಸ್ ಸೆನ್ಸರ್‌ಗೆ ಬೇಕಾದದ್ದು ಕಪ್ಪು-ಬಿಳುಪಿನ ವ್ಯತ್ಯಾಸ. ಸಪಾಟು ಬಣ್ಣ ಕೊಟ್ಟರೆ ಲೆನ್ಸ್ ಹಿಂದಕ್ಕೂ ಮುಂದಕ್ಕೂ ಓಡಾಡಿ ಸೋಲುತ್ತದೆ. ಕಪ್ಪು ಸೀರೆಯ ಒಡಲಿಗೆ ಚೌಕ ಇಡಬೇಡಿ, ಜರಿ ಅಂಚಿಗೆ ಇಡಿ. ಬಿಳಿ ಅಂಗಿಯ ಎದೆಗೆ ಬೇಡ, ಗುಂಡಿಗೆ ಇಡಿ. ನೆನಪಿದೆಯಲ್ಲ, ಲಾಕ್ ಆಗುವುದು ದೂರ. ಹಾಗಾಗಿ ನಿಮಗೆ ಬೇಕಾದ ವಸ್ತುವಿಗೇ ಲಾಕ್ ಮಾಡಬೇಕು ಅಂತಿಲ್ಲ. ಅಷ್ಟೇ ದೂರದಲ್ಲಿರುವ, ಸುಲಭವಾಗಿ ಸಿಗುವ ಬೇರೆ ಯಾವುದಕ್ಕಾದರೂ ಮಾಡಿ ತಂದುಕೊಳ್ಳಬಹುದು.

ಸೋಮನಾಥಪುರದ ಕೇಶವ ದೇವಸ್ಥಾನದ ಕೆಳಗಿನ ಪಟ್ಟಿಕೆಗಳನ್ನು ತೆಗೆದವರಿಗೆ ಇದು ಗೊತ್ತಿರುತ್ತದೆ. ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ನಡುವೆ ಉದ್ದಕ್ಕೂ ಹೋಗುವ ಅಡ್ಡ ಗೆರೆಗಳು. ಬಳಪದ ಕಲ್ಲು ನೆರಳಿನಲ್ಲಿ ಒಂದೇ ಬೂದು ಬಣ್ಣ. ಬದಿಯ ಚೌಕ ಉದ್ದ ಗೆರೆಗಳನ್ನಷ್ಟೇ ನೋಡುವಂಥದ್ದಾದರೆ ಆ ಅಡ್ಡ ಗೆರೆಗಳು ಅದರ ಪಾಲಿಗೆ ಇಲ್ಲವೇ ಇಲ್ಲ. ಆಗ ಕ್ಯಾಮೆರಾವನ್ನು ಸ್ವಲ್ಪ ಓರೆ ಮಾಡಿ. ಗೆರೆ ಚೌಕಕ್ಕೆ ಓರೆಯಾಗಿ ಕಂಡ ತಕ್ಷಣ ಫೋಕಸ್ ಕೂರುತ್ತದೆ. ಲಾಕ್ ಹಿಡಿದುಕೊಂಡೇ ಕ್ಯಾಮೆರಾ ನೇರ ಮಾಡಿ ಕ್ಲಿಕ್ ಮಾಡಿ. ಹೀಗೆ ಲೆನ್ಸನ್ನೇ ಅಚ್ಚಾಗಿಟ್ಟುಕೊಂಡು ತಿರುಗಿಸಿದರೆ ಫೋಕಸ್ ಸಮತಲ ಕದಲುವುದಿಲ್ಲ. ಕ್ರಾಸ್ ಟೈಪ್ ಚೌಕಗಳು ಜಾಸ್ತಿ ಇರುವ ಕ್ಯಾಮೆರಾ ಇದ್ದವರಿಗೆ ಇದು ಬೇಕಾಗುವುದಿಲ್ಲ.

ಇನ್ನು ಲಾಕ್ ಮಾಡಲೇಬಾರದ ಜಾಗ. ಯಕ್ಷಗಾನ. ನನಗೆ ತುಂಬ ಪ್ರೀತಿಯ ಜಾಗ, ಅದಕ್ಕೇ ಸ್ವಲ್ಪ ಒತ್ತಿ ಹೇಳುತ್ತೇನೆ. ರಾತ್ರಿ ಆಟ, ಬೆಳಕು ಕಡಿಮೆ, ನೀವು ರಂಗಸ್ಥಳದ ಮುಂದೆ ಆರು ಮೀಟರ್ ದೂರದಲ್ಲಿ ಕೂತಿದ್ದೀರಿ. 70-200 ಲೆನ್ಸ್, 200ಕ್ಕೆ ಜೂಮ್, ಎಫ್ 2.8. ಫುಲ್ ಫ್ರೇಮಿನಲ್ಲಿ ಶಾರ್ಪ್ ಸಿಗುವುದು ಒಟ್ಟು ಸುಮಾರು 15 ಸೆಂಟಿಮೀಟರ್. ಕಿರೀಟದ ಮುಂಭಾಗದಿಂದ ಕಿವಿಯವರೆಗೂ ಸಾಲದು. ವೇಷಧಾರಿ ಒಂದು ಹೆಜ್ಜೆ ಮುಂದಿಟ್ಟರೆ ಅದರ ನಾಲ್ಕು ಪಟ್ಟು ಬಂದುಬಿಡುತ್ತಾರೆ. ನೀವು ನಡುವಿನ ಚೌಕದಿಂದ ಮುಖಕ್ಕೆ ಲಾಕ್ ಮಾಡಿ, ಕಿರೀಟ ಕತ್ತರಿಸದ ಹಾಗೆ ಫ್ರೇಮ್ ಮೇಲಕ್ಕೆ ತಂದು, ಒತ್ತುವಷ್ಟರಲ್ಲಿ ಚಂಡೆಯ ಪೆಟ್ಟು ಬದಲಾಗಿ ಅವರು ಬೇರೆ ಕಡೆ ಇರುತ್ತಾರೆ. ಗಿರಗಿರ ತಿರುಗಿ ಹಾರುತ್ತಾ ಧಿಗಿಣ ಹೊಡೆಯುವಾಗಂತೂ ಕೇಳುವುದೇ ಬೇಡ.

ಇಲ್ಲಿ ಎಎಫ್-ಸಿ ಹಾಕಿ. ಕ್ಯಾಮೆರಾ ಉದ್ದಕ್ಕೆ ಹಿಡಿದು, ಮುಖ ಬರುವ ಜಾಗದ ಚೌಕವನ್ನು ಮೊದಲೇ ಆರಿಸಿ. ಕಿರೀಟಕ್ಕೆ ಮೇಲೆ ಜಾಗ ಬೇಕು, ಹಾಗಾಗಿ ಚೌಕ ನಡುವಿನಿಂದ ಒಂದೆರಡು ಮನೆ ಮೇಲಕ್ಕಿದ್ದರೆ ಸಾಕು. ಅದನ್ನು ಮುಖದ ಮೇಲೆ ಬಿಡದೆ ಹಿಡಿದು, ಕ್ಯಾಮೆರಾ ಅವರ ಜೊತೆ ಕುಣಿಯಲಿ. ಫ್ರೇಮು ಪ್ರತಿಸಲ ಅಂದವಾಗಿ ಬರದಿರಬಹುದು. ಆಮೇಲೆ ಕತ್ತರಿಸಿಕೊಳ್ಳಿ. ಫೋಕಸ್ ತಪ್ಪಿದರೆ ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ವಾಪಸ್ ಕೊಡುವುದಿಲ್ಲ. ಆದರೆ ಭಾಗವತರು ಹಾಡುತ್ತಾ ಕೂತಿದ್ದಾರಲ್ಲ, ಅವರಿಗೆ ಲಾಕ್ ಚೆನ್ನಾಗಿಯೇ ಹೊಂದುತ್ತದೆ. ಒಂದೇ ರಂಗದಲ್ಲಿ ಇಬ್ಬರಿಗೆ ಎರಡು ಪದ್ಧತಿ.

ಮ್ಯಾಕ್ರೋದಲ್ಲೂ, ಅಂದರೆ ಪುಟ್ಟ ವಸ್ತುಗಳನ್ನು ತೀರ ಹತ್ತಿರದಿಂದ ತೆಗೆಯುವಾಗಲೂ, ಲಾಕ್ ಮಾಡಿ ತಿರುಗಿಸುವುದು ಕೆಲಸಕ್ಕೆ ಬಾರದು. ಕಾಫಿ ಹೂವಿನ ಮೇಲೆ ಕೂತ ಜೇನನ್ನು ಅದರ ಗಾತ್ರಕ್ಕೇ ಸೆನ್ಸರ್ ಮೇಲೆ ಬೀಳಿಸಿದರೆ, ಎಫ್ 8ರಲ್ಲೂ ಶಾರ್ಪ್ ಇರುವುದು ಒಂದು ಮಿಲಿಮೀಟರ್. ನಿಮ್ಮ ಉಸಿರಾಟ ಅದಕ್ಕಿಂತ ಜಾಸ್ತಿ ಅಲುಗಾಡಿಸುತ್ತದೆ. ಮ್ಯಾನ್ಯುಅಲ್ ಫೋಕಸಿಗೆ ಹಾಕಿ, ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ಸರಿಸಿ, ಕಣ್ಣು ಶಾರ್ಪ್ ಆದ ಕ್ಷಣ ಒತ್ತಿ.

ಜೂಮ್ ಬಗ್ಗೆಯೂ ಒಂದು ಮಾತು. ಜೂಮ್ ಮಾಡಿ ಲಾಕ್ ಮಾಡಿ, ಆಮೇಲೆ ಜೂಮ್ ಹಿಂದಕ್ಕೆ ಎಳೆದು ಕ್ಲಿಕ್ ಮಾಡುವ ಅಭ್ಯಾಸ ಹಳಬರಲ್ಲಿ ಇದೆ. ಇವತ್ತಿನ ಬಹಳಷ್ಟು ಜೂಮ್ ಲೆನ್ಸ್‌ಗಳಲ್ಲಿ ಜೂಮ್ ಬದಲಾದರೆ ಫೋಕಸೂ ಸ್ವಲ್ಪ ಜಾರುತ್ತದೆ. ಮೊದಲು ಜೂಮ್, ಆಮೇಲೆ ಲಾಕ್. ಬೇಲೂರಿನಲ್ಲಿ ಬೆಳಕು ಮೊದಲು, ಫೋಕಸ್ ಕೊನೆಗೆ ಅಂದದ್ದೂ ಇದಕ್ಕೇ.

ಅರ್ಧ ಒತ್ತುವುದರಲ್ಲಿ ಇನ್ನೊಂದು ತೊಂದರೆ ಇದೆ. ಒಂದು ಫೋಟೋ ಆದ ಮೇಲೆ ಬೆರಳು ತೆಗೆದರೆ ಲಾಕ್ ಹೋಯಿತು. ಮುಂದಿನದಕ್ಕೆ ಮತ್ತೆ ಮುಖಕ್ಕೆ ಹೋಗಿ, ಮತ್ತೆ ಲಾಕ್ ಮಾಡಿ, ಮತ್ತೆ ತಿರುಗಿಸಬೇಕು. ಇದಕ್ಕೆ ದಾರಿ ಬ್ಯಾಕ್ ಬಟನ್ ಫೋಕಸ್. ಮೆನುವಿನಲ್ಲಿ ಶಟರ್ ಬಟನ್‌ನಿಂದ ಫೋಕಸ್ ಕೆಲಸವನ್ನು ಕಿತ್ತು, ಹಿಂದಿರುವ ಎಎಫ್-ಆನ್ ಬಟನ್ನಿಗೆ ಕೊಡುವುದು. ಆ ಬಟನ್ ಇಲ್ಲದ ಸಣ್ಣ ಕ್ಯಾಮೆರಾಗಳಲ್ಲಿ ಎಇ-ಎಲ್ ಅಥವಾ ನಕ್ಷತ್ರದ ಬಟನ್ನಿಗೇ ಈ ಕೆಲಸ ಹಚ್ಚಬಹುದು, ನಿಕಾನ್ ಡಿ3500ನಲ್ಲೂ ಆಗುತ್ತದೆ. ಈಗ ಹೆಬ್ಬೆರಳು ಒತ್ತಿದರೆ ಫೋಕಸ್, ಬಿಟ್ಟರೆ ಲಾಕ್. ತೋರುಬೆರಳು ಎಷ್ಟು ಸಲ ಒತ್ತಿದರೂ ಫೋಕಸ್ ಕದಲುವುದಿಲ್ಲ.

ಇದರ ಸೊಗಸು ಎಎಫ್-ಸಿ ಜೊತೆ ಗೊತ್ತಾಗುತ್ತದೆ. ಹೆಬ್ಬೆರಳು ಒತ್ತಿಯೇ ಇಟ್ಟರೆ ಕುಣಿಯುವ ವೇಷಧಾರಿಯನ್ನು ಕ್ಯಾಮೆರಾ ಹಿಂಬಾಲಿಸುತ್ತದೆ. ಬಿಟ್ಟರೆ ಕೂತ ಭಾಗವತರಿಗೆ ಲಾಕ್. ಮೋಡ್ ಬದಲಿಸುವ ಗೋಜೇ ಇಲ್ಲ. ಶುರುವಿನಲ್ಲಿ ಒಂದು ವಾರ ಬೆರಳುಗಳು ಗಲಿಬಿಲಿ ಮಾಡಿಕೊಳ್ಳುತ್ತವೆ, ಬಿಡಬೇಡಿ. ಒಂದು ಎಚ್ಚರಿಕೆ: ಪ್ರವಾಸದಲ್ಲಿ ಯಾರಿಗೋ ಕ್ಯಾಮೆರಾ ಕೊಟ್ಟು "ನಮ್ಮದೊಂದು ಫೋಟೋ ತೆಗೀರಿ" ಅಂದರೆ, ಅವರು ಪಾಪ ಶಟರ್ ಬಟನ್ ಮಾತ್ರ ಒತ್ತುತ್ತಾರೆ. ಕೊಡುವ ಮುಂಚೆ ನೀವೇ ಮನೆಯವರಿಗೆ ಫೋಕಸ್ ಮಾಡಿ, ಅವರನ್ನು ಅದೇ ಜಾಗದಲ್ಲಿ ನಿಲ್ಲಿಸಿ ಕೊಡಿ.

ಮಿರರ್‌ಲೆಸ್ ಇರುವವರು ಇಷ್ಟು ಹೊತ್ತು ಸುಮ್ಮನೆ ಕೂತಿದ್ದೀರಿ. ನಿಮ್ಮ ಕ್ಯಾಮೆರಾದಲ್ಲಿ ಫೋಕಸ್ ಅಳೆಯುವುದು ಫೋಟೋ ತೆಗೆಯುವ ಸೆನ್ಸರೇ. ಹಾಗಾಗಿ ಚೌಕ ಹೆಚ್ಚುಕಡಿಮೆ ಅಂಚಿನವರೆಗೂ ಹೋಗುತ್ತದೆ. 2017ರಲ್ಲಿ ಬಂದ ಸೋನಿ ಎ9ನಲ್ಲಿ 693 ಜಾಗ, ಫ್ರೇಮಿನ ಸುಮಾರು 93 ಶೇಕಡಾ. ಅದರ ಮೇಲೆ ಕಣ್ಣನ್ನೇ ಹುಡುಕುವ ಐ ಎಎಫ್. ಟ್ರ್ಯಾಕಿಂಗ್ ಹಾಕಿಕೊಂಡು ಕಣ್ಣಿನ ಮೇಲೆ ಅರ್ಧ ಒತ್ತಿ ಕ್ಯಾಮೆರಾ ತಿರುಗಿಸಿದರೆ, ಚೌಕ ಕಣ್ಣಿನ ಜೊತೆಗೇ ಜಾರುತ್ತಾ ಹೋಗುತ್ತದೆ. ನಿಕಾನ್‌ನವರು 2007ರ ಡಿ300, ಡಿ3ಯಲ್ಲಿ 3ಡಿ ಟ್ರ್ಯಾಕಿಂಗ್ ಅಂತ ಚೌಕ ಹೀಗೆ ಹಿಂಬಾಲಿಸುವ ಪದ್ಧತಿಯನ್ನು ಡಿಎಸ್‌ಎಲ್‌ಆರ್‌ಗೇ ತಂದಿದ್ದರು. ಇಲ್ಲಿ ಹಿಡಿದಿಟ್ಟಿರುವುದು ದೂರವನ್ನಲ್ಲ, ಆ ಕಣ್ಣನ್ನೇ. ಪ್ರತಿ ಕ್ಷಣ ಹೊಸದಾಗಿ ಅಳೆಯುವುದರಿಂದ ಕೊಸೈನ್ ತಪ್ಪೂ ಇಲ್ಲ, ಹೆಜ್ಜೆ ಮುಂದಿಟ್ಟರೂ ತೊಂದರೆ ಇಲ್ಲ. ನಿಮ್ಮಲ್ಲಿ ಇದ್ದರೆ ಖಂಡಿತ ಬಳಸಿ. ಬಣ್ಣದ ವೇಷದ ಮುಖ, ಸೋಮನ ಮುಖವಾಡ, ಹೂವಿನ ಸರದ ಹಿಂದಿನ ಮದುಮಗನ ಕಣ್ಣು ಇಂಥವುಗಳ ಮುಂದೆ ಅದು ಕೆಲವು ಸಲ ತಡವರಿಸುತ್ತದೆ. ಆಗ ಒಂದೇ ಚೌಕಕ್ಕೆ ಇಳಿದು ಕೈಯಾರೆ ಕೆಲಸ ಮಾಡುವುದು ಗೊತ್ತಿರಬೇಕು.

ಕೊನೆಗೆ, ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು, "ನನ್ನ ಹತ್ತಿರ ಫೋನ್ ಮಾತ್ರ ಇದೆ, ಇದೆಲ್ಲ ನನಗೆ ಬೇಕಾ?" ಅಂತ. ಬೇಕಮ್ಮ, ಆದರೆ ಬೇರೆ ಕಾರಣಕ್ಕೆ. ಫೋನಿನ ಸೆನ್ಸರ್ ಪುಟ್ಟದು, ಅಲ್ಲಿ ಶಾರ್ಪ್ ಇರುವ ಭಾಗ ಆಳವಾಗಿರುತ್ತದೆ. ಹಾಗಾಗಿ ಕೊಸೈನ್ ತಪ್ಪಿಗೆ ನೀನು ತಲೆ ಕೆಡಿಸಿಕೊಳ್ಳಬೇಕಿಲ್ಲ. ಫೋನಿನಲ್ಲಿ ಕಾಡುವುದು ಬೆಳಕು. ಪರದೆಯ ಮೇಲೆ ಬೇಕಾದ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿ. ಐಫೋನಿನಲ್ಲಿ ಎಇ/ಎಎಫ್ ಲಾಕ್ ಅಂತ ಬರುತ್ತದೆ, ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲೂ ಬೀಗದ ಗುರುತು ಕಾಣಿಸುತ್ತದೆ. ಈಗ ಫೋಕಸ್, ಬೆಳಕು ಎರಡೂ ನಿಂತವು. ಬೆರಳು ಮೇಲೆ ಕೆಳಗೆ ಎಳೆದರೆ ಬೆಳಕು ಮಾತ್ರ ಹೆಚ್ಚುಕಡಿಮೆ ಆಗುತ್ತದೆ. ಸಂಜೆ ಕೆರೆ ದಂಡೆಯಲ್ಲಿ ಅಮ್ಮನ ಮುಖಕ್ಕೆ ಹೀಗೆ ಲಾಕ್ ಮಾಡಿ, ಆಮೇಲೆ ಸೂರ್ಯನನ್ನು ಫ್ರೇಮಿನೊಳಗೆ ತಗೊಂಡು ನೋಡು. ಕೆಲಸ ಮುಗಿದ ಮೇಲೆ ಪರದೆಯನ್ನು ಬೇರೆ ಕಡೆ ಒಮ್ಮೆ ಮುಟ್ಟಿ ಲಾಕ್ ತೆಗೆದುಬಿಡು. ಇಲ್ಲದಿದ್ದರೆ ಮುಂದಿನ ಫೋಟೋಗೂ ಅದೇ ಬೆಳಕು, ಅದೇ ದೂರ ಉಳಿದುಕೊಳ್ಳುತ್ತದೆ.